ಸಿನಿಮಾ ನೋಡುವ ಕಣ್ಣು ಯಾವ ಪಕ್ಷದ್ದು?

ಪ್ರಶ್ನೆ: ಜನಪ್ರಿಯ ಸಿನಿಮಾಗಳ ಬಗ್ಗೆ ವಿಮರ್ಶಕರು ಮತ್ತು ಪ್ರೇಕ್ಷಕರು ಕೊಡುವ ತೀರ್ಪನ್ನು ರಾಜಕೀಯ ನಿರ್ಧರಿಸುತ್ತದೆಯೇ?

ಪರ: ಹೌದು, ನಾವು ಒಪ್ಪಿಕೊಳ್ಳುವುದಕ್ಕಿಂತ ಜಾಸ್ತಿ

ಸಿನಿಮಾ ಇನ್ನೂ ಥಿಯೇಟರಿಗೇ ಬಂದಿಲ್ಲ. ಆಗಲೇ ಐವತ್ತು ಸಾವಿರಕ್ಕೂ ಜಾಸ್ತಿ ಜನ ಅದಕ್ಕೆ ಹತ್ತಕ್ಕೆ ಒಂದು ಅಂಕ ಕೊಟ್ಟಾಗಿದೆ. ನಂಬೋದು ಕಷ್ಟ ಅಲ್ವಾ? ‘ದಿ ಪ್ರಾಮಿಸ್’ ಎಂಬ ಸಿನಿಮಾಗೆ ಹೀಗೇ ಆಯಿತು. 2016ರ ಸೆಪ್ಟೆಂಬರ್‌ನಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಅದರ ಬೆರಳೆಣಿಕೆಯ ಪ್ರದರ್ಶನಗಳಷ್ಟೇ ನಡೆದಿದ್ದವು. ಒಟ್ಟೋಮನ್ ಸಾಮ್ರಾಜ್ಯದಲ್ಲಿ ನಡೆದ ಅರ್ಮೇನಿಯನ್ನರ ನರಮೇಧ ಅದರ ವಸ್ತು. ತುರ್ಕಿ ಸರ್ಕಾರ ಅದನ್ನು ನರಮೇಧವೆಂದು ಇವತ್ತಿಗೂ ಒಪ್ಪುವುದಿಲ್ಲ. ಸಿನಿಮಾಗಳಿಗೆ ಜನ ಅಂಕ ಕೊಡುವ ಐಎಂಡಿಬಿ ಜಾಲತಾಣದಲ್ಲಿ ಒಂದು ಕಡೆಯವರು ಸಾಲಾಗಿ ಒಂದು ಒತ್ತಿದರು. ಇನ್ನೊಂದು ಕಡೆಯವರು ಸಾಲಾಗಿ ಹತ್ತು ಒತ್ತಿದರು. ಐದು, ಆರು, ಏಳು ಕೊಟ್ಟವರು ಇವರ ನಡುವೆ ಕಳೆದೇ ಹೋದರು.

ಇದನ್ನು ಕಿಡಿಗೇಡಿಗಳ ಕೆಲಸ ಅಂತ ತಳ್ಳಿಹಾಕಬಹುದು. ಹಾಗೆ ತಳ್ಳಿಹಾಕಿದರೂ ದೊಡ್ಡ ಪ್ರಶ್ನೆ ಉಳಿಯುತ್ತದೆ. ಸಿನಿಮಾವನ್ನು ಕೂತು ಪೂರ್ತಿ ನೋಡಿದ, ಯಾರ ಮೇಲೂ ಹಗೆ ಇಲ್ಲದ, ಪ್ರಾಮಾಣಿಕ ಪ್ರೇಕ್ಷಕರ ಕಥೆ ಏನು?

ಇಲ್ಲಿ ಒಂದು ಹಳೆಯ ಅಧ್ಯಯನ ನೆನಪಾಗುತ್ತದೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಆಟ ಒರಟಾಗಿತ್ತು. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು ಮುರಿಯಿತು. ಆಮೇಲೆ ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಎರಡೂ ಕಾಲೇಜಿನ ಹುಡುಗರಿಗೆ ಆ ಪಂದ್ಯದ ಒಂದೇ ಫಿಲ್ಮ್ ತೋರಿಸಿದರು. ಕಂಡ ತಪ್ಪುಗಳನ್ನು ಗುರುತು ಹಾಕಿಕೊಳ್ಳಿ ಅಂದರು. ಡಾರ್ಟ್‌ಮತ್ ತಂಡದ ತಪ್ಪುಗಳು ಅಲ್ಲಿನ ಹುಡುಗರಿಗೆ ಎಷ್ಟು ಕಂಡವೋ, ಪ್ರಿನ್ಸ್‌ಟನ್ ಹುಡುಗರಿಗೆ ಅದರ ದುಪ್ಪಟ್ಟಿಗಿಂತ ಹೆಚ್ಚು ಕಂಡವು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಕಂಡದ್ದನ್ನೇ ಬರೆದಿದ್ದರು. ಕಾಲೇಜಿನ ಅಭಿಮಾನವೇ ಕಣ್ಣನ್ನು ಇಷ್ಟು ಬದಲಿಸುವುದಾದರೆ, ಧರ್ಮ, ದೇಶ, ಪಕ್ಷ ಎಂದು ಎದೆಯಲ್ಲಿ ಬೇರು ಬಿಟ್ಟ ನಂಟುಗಳು ಏನು ಮಾಡಲಿಕ್ಕಿಲ್ಲ? ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತ ನಾವು ಬೇರೆಯವರ ಬಗ್ಗೆ ಹೇಳುತ್ತೇವೆ. ಆ ಅಧ್ಯಯನ ನಮ್ಮೆಲ್ಲರ ಕಣ್ಣಿನ ಬಗ್ಗೆ ಮಾತಾಡುತ್ತದೆ.

ವಿಮರ್ಶಕರು ಇದಕ್ಕೆ ಹೊರತಲ್ಲ. 1954ರಲ್ಲಿ ‘ಸಾಲ್ಟ್ ಆಫ್ ದಿ ಅರ್ತ್’ ಎಂಬ ಅಮೆರಿಕನ್ ಸಿನಿಮಾ ಬಂತು. ಗಣಿ ಕಾರ್ಮಿಕರ ಮುಷ್ಕರದ ಕಥೆ. ಮಾಡಿದವರು ಕಮ್ಯುನಿಸ್ಟರೆಂಬ ಕಾರಣಕ್ಕೆ ಹಾಲಿವುಡ್ ಹೊರಗಿಟ್ಟಿದ್ದ ಜನ. ಪಾಲಿನ್ ಕೇಲ್ ಅದನ್ನು ಕಮ್ಯುನಿಸ್ಟ್ ಪ್ರಚಾರ ಎಂದು ಬರೆದರು. ‘ನ್ಯೂಯಾರ್ಕ್ ಟೈಮ್ಸ್’ನ ಬಾಸ್ಲಿ ಕ್ರೌದರ್‌ಗೆ ಅದೇ ಸಿನಿಮಾದಲ್ಲಿ ಕಂಡದ್ದು ಕಾರ್ಮಿಕರ ಮೇಲಿನ ಗಟ್ಟಿಯಾದ ಕಾಳಜಿ. ಬಹುಪಾಲು ಥಿಯೇಟರ್‌ಗಳು ಅದನ್ನು ಹಾಕಲೇ ಇಲ್ಲ. 1992ರಲ್ಲಿ ಅಮೆರಿಕ ಕಾಪಾಡಿಕೊಳ್ಳಬೇಕಾದ ಸಿನಿಮಾಗಳ ತನ್ನ ರಾಷ್ಟ್ರೀಯ ಪಟ್ಟಿಗೆ ಅದನ್ನು ಸೇರಿಸಿಕೊಂಡಿತು. ಆಗ ಸೋವಿಯತ್ ಒಕ್ಕೂಟ ಮುಗಿದುಹೋಗಿತ್ತು. ಸಿನಿಮಾದ ಒಂದು ಫ್ರೇಮೂ ಬದಲಾಗಿರಲಿಲ್ಲ.

ಇನ್ನೊಂದು ದಿಕ್ಕಿನಿಂದಲೂ ನೋಡಿ. 1968ರಲ್ಲಿ ಜಾನ್ ವೇನ್ ನಟಿಸಿ, ಸಹನಿರ್ದೇಶನವನ್ನೂ ಮಾಡಿದ ‘ದಿ ಗ್ರೀನ್ ಬೆರೆಟ್ಸ್’ ಬಂತು. ವಿಯೆಟ್ನಾಂ ಯುದ್ಧವನ್ನು ಸಮರ್ಥಿಸುವ ಸಿನಿಮಾ. ಅಮೆರಿಕದ ಸೇನೆಯೇ ನೆರವು ಕೊಟ್ಟಿತ್ತು. ವಿಮರ್ಶಕರು ಹರಿದು ಹಾಕಿದರು. ರೋಜರ್ ಈಬರ್ಟ್ ಸೊನ್ನೆ ಸ್ಟಾರ್ ಕೊಟ್ಟರು. ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಅದು ಚೆನ್ನಾಗಿ ಓಡಿತು. ಯುದ್ಧ ಬೇಡ ಅನ್ನುವವರು ಬರೆಯುತ್ತಿದ್ದರು, ಯುದ್ಧಕ್ಕೆ ಮಕ್ಕಳನ್ನು ಕಳಿಸಿದವರು ಟಿಕೆಟ್ ಕೊಳ್ಳುತ್ತಿದ್ದರು.

ಫ್ರಾನ್ಸಿನ ‘ಕಾಯೇ ದು ಸಿನೆಮಾ’ ಪತ್ರಿಕೆ ಇದನ್ನು ಮುಚ್ಚಿಡಲೂ ಇಲ್ಲ. 1968ರ ವಿದ್ಯಾರ್ಥಿ ಚಳವಳಿಯ ನಂತರ ಅದು ಎಡಕ್ಕೆ ವಾಲಿತು. ಕೆಲವೇ ವರ್ಷಗಳಲ್ಲಿ ಮಾವೋವಾದಿಯಾಯಿತು. ಹಾಲಿವುಡ್ ನಿರ್ದೇಶಕರನ್ನು ಕಲಾವಿದರೆಂದು ಎತ್ತಿ ಹಿಡಿದ ಪತ್ರಿಕೆ ಅದು. ಅದೇ ಪತ್ರಿಕೆ ಈಗ ಒಂದು ಸಿನಿಮಾ ಯಾವ ಸಿದ್ಧಾಂತಕ್ಕೆ ದುಡಿಯುತ್ತದೆ ಅನ್ನುವುದನ್ನೇ ಮೊದಲು ಕೇಳಿತು.

ನನ್ನ ಮಾತಿನ ತಿರುಳು ಇಷ್ಟೇ. ರಾಜಕೀಯ ಕೆಟ್ಟ ಸಿನಿಮಾವನ್ನು ನೇರವಾಗಿ ಒಳ್ಳೆಯದು ಅನ್ನಿಸುವುದು ಕಡಿಮೆ. ಯಾವ ತಪ್ಪನ್ನು ಕ್ಷಮಿಸಬೇಕು ಅನ್ನುವುದನ್ನು ಅದು ನಿರ್ಧರಿಸುತ್ತದೆ. ಪ್ರತಿ ಜನಪ್ರಿಯ ಸಿನಿಮಾದಲ್ಲೂ ತರ್ಕಕ್ಕೆ ನಿಲ್ಲದ ತಿರುವುಗಳಿವೆ, ಎಳೆದ ದೃಶ್ಯಗಳಿವೆ, ಭಾಷಣದಂಥ ಡೈಲಾಗುಗಳಿವೆ. ಸಿನಿಮಾ ನಮ್ಮ ಮಾತನ್ನೇ ಆಡುತ್ತಿದ್ದರೆ ‘ಇರಲಿ ಬಿಡಿ, ಆಶಯ ಚೆನ್ನಾಗಿದೆ’ ಅನ್ನುತ್ತೇವೆ. ಎದುರು ಬಣದ ಮಾತಾಡಿದರೆ ಅದೇ ಭಾಷಣ ಕಿವಿಗೆ ಚುಚ್ಚುತ್ತದೆ, ಅದೇ ತಿರುವು ಮೋಸ ಅನ್ನಿಸುತ್ತದೆ. ಆಮೇಲೆ ಬರೆಯುವಾಗ ‘ಚಿತ್ರಕಥೆ ಸಡಿಲ’ ಎಂದು ಬರೆಯುತ್ತೇವೆ. ನಿಜಕ್ಕೂ ಸಡಿಲವೇ ಇರುತ್ತದೆ. ಅದನ್ನು ಎತ್ತಿ ತೋರಿಸಬೇಕು ಅನ್ನಿಸಿದ್ದು ಯಾಕೆ ಅನ್ನುವುದು ಮಾತ್ರ ಆ ವಾಕ್ಯದಲ್ಲಿ ಇರುವುದಿಲ್ಲ. ಹಾಗಾಗಿಯೇ ಈ ಪ್ರಭಾವವನ್ನು ಹಿಡಿಯುವುದು ಕಷ್ಟ. ಅದು ರಾಜಕೀಯದ ಮಾತಿನಲ್ಲಿ ಬರುವುದಿಲ್ಲ, ಎಡಿಟಿಂಗ್ ಮತ್ತು ನಟನೆಯ ಮಾತಿನಲ್ಲಿ ಬರುತ್ತದೆ.

ಜೊತೆಗೆ ಇವತ್ತು ಒಂದು ಸಿನಿಮಾ ಇಷ್ಟವಾಯಿತು ಅನ್ನುವುದೇ ನಾನು ಯಾರು ಎಂದು ಹೇಳಿಕೊಳ್ಳುವ ಮಾತಾಗಿದೆ. ಗೆಳೆಯರೆಲ್ಲ ಒಂದು ಸಿನಿಮಾವನ್ನು ಬಯ್ಯುತ್ತಿರುವಾಗ ‘ನನಗೆ ಹಿಡಿಸಿತು’ ಅನ್ನಲು ಧೈರ್ಯ ಬೇಕು. ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ. ಸುಮ್ಮನಿದ್ದವರ ಅಭಿಪ್ರಾಯ ಯಾವ ರೇಟಿಂಗ್‌ನಲ್ಲೂ ಸೇರುವುದಿಲ್ಲ.

ತೀರ್ಪು ಕೊಡುವ ಸಂಸ್ಥೆಗಳೂ ರಾಜಕೀಯವನ್ನು ನಿಯಮವಾಗಿಯೇ ಬರೆದುಕೊಂಡ ಕಾಲ ಇತ್ತು. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಲ್ಲಿನ ಸಂಸತ್ತಿನ ವಿಚಾರಣಾ ಸಮಿತಿಗೆ ಉತ್ತರ ಕೊಡಲು ಒಪ್ಪದವರಿಗೆ ಆಸ್ಕರ್ ಸಿಗಬಾರದು ಎಂದು ಅಮೆರಿಕದ ಅಕಾಡೆಮಿ 1957ರಲ್ಲಿ ನಿಯಮ ಮಾಡಿತು. 1959ರವರೆಗೂ ಅದು ಇತ್ತು. ಕೃತಿ ಎಷ್ಟೇ ಚೆನ್ನಾಗಿರಲಿ, ಬರೆದವನ ನಂಬಿಕೆ ಸರಿಯಿಲ್ಲದಿದ್ದರೆ ಅದು ಸ್ಪರ್ಧೆಗೇ ಇಲ್ಲ.

ವಿರೋಧ: ಗದ್ದಲ ರಾಜಕೀಯದ್ದು, ತೀರ್ಪು ಸಿನಿಮಾದ್ದೇ

ಆಸ್ಕರ್ ನಿಯಮದ ಕಥೆಯನ್ನು ಪೂರ್ತಿ ಹೇಳಬೇಕು. ಆ ನಿಯಮ ಬಂದ 1957ರಲ್ಲೇ ‘ದಿ ಬ್ರೇವ್ ಒನ್’ ಸಿನಿಮಾದ ಕಥೆಗೆ ಆಸ್ಕರ್ ಬಂತು. ಕಥೆಗಾರನ ಹೆಸರು ರಾಬರ್ಟ್ ರಿಚ್. ಪ್ರಶಸ್ತಿ ತೆಗೆದುಕೊಳ್ಳಲು ಆತ ಬರಲಿಲ್ಲ, ಯಾಕೆಂದರೆ ಆ ಹೆಸರಿನ ಕಥೆಗಾರನೇ ಇರಲಿಲ್ಲ. ಅದು ಡಾಲ್ಟನ್ ಟ್ರಂಬೊ ಇಟ್ಟುಕೊಂಡಿದ್ದ ಸುಳ್ಳು ಹೆಸರು. ಸಮಿತಿಗೆ ಉತ್ತರ ಕೊಡದೆ ಜೈಲಿಗೆ ಹೋಗಿ ಬಂದ, ಹಾಲಿವುಡ್ ಹೊರಗಿಟ್ಟ ಅದೇ ಟ್ರಂಬೊ. ‘ರೋಮನ್ ಹಾಲಿಡೇ’ ಕಥೆಗೂ ಬೇರೆಯವರ ಹೆಸರಲ್ಲಿ ಆಸ್ಕರ್ ಬಂದಿತ್ತು, ಬರೆದವರು ಇವರೇ. ನಿಯಮ ಮಾಡಿದ್ದು ಸಂಸ್ಥೆಯ ಭಯ. ಮತ ಹಾಕಿದವರು ಮೆಚ್ಚಿದ್ದು ಕಥೆ. ಇವೆರಡನ್ನೂ ಒಂದೇ ಅನ್ನುವುದು ಸರಿಯಲ್ಲ. ನನ್ನ ವಾದವೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ನೋಡದೆ ಅಂಕ ಒತ್ತುವವರನ್ನು ಮೊದಲು ಬದಿಗಿಡೋಣ. ಅವರು ಪ್ರೇಕ್ಷಕರೇ ಅಲ್ಲ. 2019ರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಬಿಡುಗಡೆಗೆ ಮುಂಚೆಯೇ ಅದರ ಮೇಲೆ ಇಂಥ ದಾಳಿ ನಡೆಯಿತು. ಬಿಡುಗಡೆಗೆ ಮೊದಲು ಬರುವ ಅಭಿಪ್ರಾಯಗಳನ್ನೇ ವಿಮರ್ಶೆ, ಅಂಕಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ಜಾಲತಾಣ ನಿಲ್ಲಿಸಿತು. ಆಮೇಲೆ ಏನಾಯಿತು? ಮೊದಲ ದಿನದ ಪ್ರೇಕ್ಷಕರನ್ನು ಥಿಯೇಟರ್ ಬಾಗಿಲಲ್ಲೇ ಕೇಳಿ ಅಂಕ ಕೊಡುವ ಸಿನೆಮಾಸ್ಕೋರ್ ಎಂಬ ಸಂಸ್ಥೆ ಇದೆ. ಅಲ್ಲಿ ಅದಕ್ಕೆ ‘ಎ’ ದರ್ಜೆ ಸಿಕ್ಕಿತು. ಜಗತ್ತಿನಾದ್ಯಂತ 110 ಕೋಟಿ ಡಾಲರ್ ದಾಟಿ ಗಳಿಸಿತು. ಸ್ಟಾರ್ ವಾರ್ಸ್ ಸರಣಿಯ, 2017ರ ‘ದಿ ಲಾಸ್ಟ್ ಜೆಡೈ’ಗೂ ರಾಟನ್ ಟೊಮೇಟೋಸ್‌ನ ಪ್ರೇಕ್ಷಕರ ಅಂಕ ಶೇ 50ಕ್ಕಿಂತ ಕೆಳಗೆ ಬಿತ್ತು, ಥಿಯೇಟರ್ ಬಾಗಿಲಲ್ಲಿ ‘ಎ’ ಸಿಕ್ಕಿತ್ತು. ಟಿಕೆಟ್ ಕೊಂಡು ಎರಡೂವರೆ ಗಂಟೆ ಕೂತವರ ಮಾತು ಬೇರೆ, ಪರದೆಯ ಮುಂದೆ ಕೋಪದಲ್ಲಿ ಕೂತವರ ಮಾತು ಬೇರೆ. ಯಾರ ದನಿ ದೊಡ್ಡದೋ ಅವರ ಮಾತನ್ನೇ ಎಲ್ಲರ ತೀರ್ಪು ಅಂದುಕೊಳ್ಳುವುದರಿಂದ ಈ ಗೊಂದಲ.

ಫುಟ್‌ಬಾಲ್ ಅಧ್ಯಯನವನ್ನು ನಾನು ಒಪ್ಪುತ್ತೇನೆ. ನಮ್ಮ ನಂಟುಗಳು ನಾವು ಏನು ಕಾಣುತ್ತೇವೆ ಅನ್ನುವುದನ್ನು ಬದಲಿಸುತ್ತವೆ. ಆದರೆ ಕಂಡದ್ದು ಬೇರೆಯಾದರೆ ಇಷ್ಟಪಡುವುದೂ ಬೇರೆಯಾಗಲೇಬೇಕಾ? ಇಲ್ಲ. ಅಮೆರಿಕದಲ್ಲಿ ಸ್ಟೀಫನ್ ಕೋಲ್ಬೇರ್ ಎಂಬ ಹಾಸ್ಯಗಾರ ಟಿವಿಯಲ್ಲಿ ಬಲಪಂಥೀಯ ನಿರೂಪಕನ ವೇಷ ಹಾಕಿ ಬಲಪಂಥವನ್ನೇ ಲೇವಡಿ ಮಾಡುತ್ತಿದ್ದರು. 2009ರಲ್ಲಿ ಸಂಶೋಧಕರು ಪ್ರೇಕ್ಷಕರನ್ನು ಕೇಳಿ ನೋಡಿದರು. ಉದಾರವಾದಿಗಳಿಗೆ ಅದು ಲೇವಡಿಯಾಗಿ ಕಂಡಿತು. ಸಂಪ್ರದಾಯವಾದಿಗಳಲ್ಲಿ ಹಲವರಿಗೆ ‘ಇವನು ತಮಾಷೆಯ ನೆಪದಲ್ಲಿ ನಮ್ಮ ನಿಜವನ್ನೇ ಹೇಳುತ್ತಿದ್ದಾನೆ’ ಅನ್ನಿಸಿತು. ಆದರೆ ತಮಾಷೆ ಚೆನ್ನಾಗಿದೆಯಾ ಅಂದರೆ, ಎರಡು ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ. ಅರ್ಥ ರಾಜಕೀಯದಿಂದ ಬಂತು, ನಗು ನಟನೆಯಿಂದ ಬಂತು.

‘ಹೈ ನೂನ್’ ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ. 1952ರ ಈ ಸಿನಿಮಾ ನನಗೆ ತುಂಬ ಇಷ್ಟ. ಹಾಗಾಗಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಕೊಲೆಗಾರನೊಬ್ಬ ಮಧ್ಯಾಹ್ನದ ರೈಲಿಗೆ ಊರಿಗೆ ಬರುತ್ತಿದ್ದಾನೆ, ಅವನ ಸಹಚರರು ನಿಲ್ದಾಣದಲ್ಲಿ ಕಾಯುತ್ತಿದ್ದಾರೆ. ಊರ ಕಾವಲುಗಾರ ಮನೆಮನೆಗೆ ಹೋಗಿ ಸಹಾಯ ಕೇಳುತ್ತಾನೆ. ಒಬ್ಬೊಬ್ಬರೂ ಒಂದೊಂದು ನೆಪ ಹೇಳುತ್ತಾರೆ. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್‌ರನ್ನು ಅದೇ ಸಮಯದಲ್ಲಿ ವಿಚಾರಣಾ ಸಮಿತಿ ಕರೆದಿತ್ತು. ಕಷ್ಟಕಾಲದಲ್ಲಿ ಗೆಳೆಯರು ಬೆನ್ನು ತಿರುಗಿಸುವ ನೋವು ಅವರದ್ದೇ. ಜಾನ್ ವೇನ್‌ಗೆ ಇದರ ವಾಸನೆ ಸಿಕ್ಕಿತ್ತು. ಇದು ಅಮೆರಿಕಕ್ಕೆ ವಿರುದ್ಧವಾದ ಸಿನಿಮಾ ಎಂದು ಅವರು 1971ರಲ್ಲಿ ಕಟುವಾಗಿ ಹೇಳಿದರು. ಆದರೆ ಶ್ವೇತಭವನದಲ್ಲಿ ರಿಪಬ್ಲಿಕನ್ ಐಸೆನ್‌ಹೋವರ್ ಅದನ್ನು ಮೆಚ್ಚಿ ನೋಡಿದರು, ಡೆಮಾಕ್ರಾಟ್ ಕ್ಲಿಂಟನ್ ಮತ್ತೆ ಮತ್ತೆ ಹಾಕಿಸಿಕೊಂಡರು. 1989ರ ಜೂನ್‌ನಲ್ಲಿ ಪೋಲೆಂಡಿನ ಚುನಾವಣೆ ಬಂದಾಗ, ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ನಿಂತ ಸಾಲಿಡಾರಿಟಿ ಸಂಘಟನೆ ಪೋಸ್ಟರ್‌ಗೆ ಹಾಕಿಕೊಂಡದ್ದು ಇದೇ ಸಿನಿಮಾದ ನಾಯಕ ಗ್ಯಾರಿ ಕೂಪರ್ ಚಿತ್ರವನ್ನು. ಕಮ್ಯುನಿಸ್ಟ್ ಎಂದು ಬಯ್ಯಿಸಿಕೊಂಡವನು ಬರೆದ ಪಾತ್ರ, ಕಮ್ಯುನಿಸ್ಟರನ್ನು ಸೋಲಿಸುವವರ ಗೋಡೆಯ ಮೇಲೆ. ಇಷ್ಟು ಬೇರೆ ಬೇರೆ ಜನ ಒಂದೇ ಸಿನಿಮಾವನ್ನು ಹಚ್ಚಿಕೊಂಡದ್ದು ಹೇಗೆ? ಗೋಡೆ ಗಡಿಯಾರದ ಮುಳ್ಳು ಸರಿಯುವಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದಕ್ಕೆ ಪಕ್ಷವಿಲ್ಲ.

ವಿಮರ್ಶಕರ ವಿಷಯಕ್ಕೆ ಬರೋಣ. ಈಬರ್ಟ್ ‘ಗ್ರೀನ್ ಬೆರೆಟ್ಸ್’ಗೆ ಸೊನ್ನೆ ಕೊಟ್ಟದ್ದು ನಿಜ. ಮೂರು ವರ್ಷದ ನಂತರ ‘ಡರ್ಟಿ ಹ್ಯಾರಿ’ ಬಂತು. ಅದರ ನೈತಿಕ ನಿಲುವು ಫ್ಯಾಸಿಸ್ಟ್ ಎಂದು ಇದೇ ಈಬರ್ಟ್ ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದರು. ಬರೆದು, ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟರು! ಥ್ರಿಲ್ಲರ್ ಆಗಿ ಅದು ಕೆಲಸ ಮಾಡುತ್ತದೆ ಎಂದು ಅವರಿಗೆ ಅನ್ನಿಸಿತ್ತು. ರಾಜಕೀಯವೇ ಅಂಕ ಹಾಕುತ್ತಿದ್ದರೆ ಆ ಮೂರು ಸ್ಟಾರ್ ಎಲ್ಲಿಂದ ಬಂದವು? 1958ರಲ್ಲಿ, ಶೀತಲ ಸಮರ ಜೋರಾಗಿದ್ದಾಗ, ಬ್ರಸೆಲ್ಸ್ ವಿಶ್ವ ಮೇಳದ ಮತದಾನದಲ್ಲಿ ಮೊದಲ ಸ್ಥಾನ ಪಡೆದ ಸಿನಿಮಾ 1905ರ ರಷ್ಯನ್ ನಾವಿಕರ ದಂಗೆಯನ್ನು ಹಾಡಿ ಹೊಗಳುವ ಸೋವಿಯತ್ ಚಿತ್ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’.

ಇನ್ನು ಒಂದು ಸಿನಿಮಾದ ನಿಲುವನ್ನೇ ಪ್ರಶ್ನಿಸುವುದನ್ನು ‘ರಾಜಕೀಯ ಪ್ರಭಾವ’ ಅನ್ನುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. 1915ರ ‘ದಿ ಬರ್ತ್ ಆಫ್ ಎ ನೇಷನ್’ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಜನಾಂಗದ್ವೇಷಿ ಗುಂಪಿನ ಕೊಲೆಗಡುಕರನ್ನು ವೀರರನ್ನಾಗಿ ತೋರಿಸಿತು, ಕಪ್ಪು ಜನರನ್ನು ಮೃಗಗಳಂತೆ ತೋರಿಸಿತು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಊರೂರಲ್ಲಿ ಪ್ರತಿಭಟಿಸಿತು. ಅವರು ಹೊರಗಿನ ಯಾವುದನ್ನೂ ಸಿನಿಮಾದೊಳಗೆ ತುರುಕಲಿಲ್ಲ. ತೆರೆಯ ಮೇಲೆ ಇದ್ದದ್ದನ್ನೇ ಸುಳ್ಳು ಅಂದರು. ಒಂದು ಸಿನಿಮಾ ಮನುಷ್ಯರನ್ನು ನಿಜವಾಗಿ ತೋರಿಸಿದೆಯಾ ಅನ್ನುವುದು ನಟನೆ, ಕ್ಯಾಮೆರಾ ಇದ್ದಷ್ಟೇ ಸಿನಿಮಾದ ಒಳಗಿನ ವಿಷಯ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ‘ನಿಮಗೆ ಇಷ್ಟವಾಗದಿದ್ದರೆ ಅದು ನಿಮ್ಮ ರಾಜಕೀಯ’ ಅನ್ನುವ ಮಾತು ಪ್ರೇಕ್ಷಕನ ಬಾಯಿ ಮುಚ್ಚಿಸುತ್ತದೆ. ಸಿನಿಮಾ ಮಾಡಿದವರಿಗೆ ಅದು ಅನುಕೂಲ. ಸೋತರೆ ವಿರೋಧಿಗಳ ಪಿತೂರಿ, ಗೆದ್ದರೆ ತಮ್ಮ ಪ್ರತಿಭೆ. ಮಾರ್ಟನ್ ಬೇ ಎಂಬ ಸಂಶೋಧಕ 2018ರಲ್ಲಿ ‘ದಿ ಲಾಸ್ಟ್ ಜೆಡೈ’ ನಿರ್ದೇಶಕರಿಗೆ ಬಂದ ಟ್ವೀಟ್‌ಗಳನ್ನು ಕೂತು ಓದಿದರು. ಬಯ್ಗುಳದ ಟ್ವೀಟ್‌ಗಳಲ್ಲಿ ಅರ್ಧದಷ್ಟು ರಾಜಕೀಯ ಉದ್ದೇಶದವು, ಇಲ್ಲವೇ ಮನುಷ್ಯರೇ ಬರೆಯದವು ಎಂದು ಅವರು ಕಂಡುಕೊಂಡರು. ಪತ್ರಿಕೆಗಳೆಲ್ಲ ಈ ಅರ್ಧವನ್ನೇ ದೊಡ್ಡದಾಗಿ ಬರೆದವು. ಆದರೆ ಅದೇ ಲೆಕ್ಕದಲ್ಲಿ ಬಯ್ಗುಳ ಇದ್ದದ್ದೇ ಐದರಲ್ಲಿ ಒಂದರಷ್ಟು. ಅದರಲ್ಲಿ ಉಳಿದ ಅರ್ಧ? ಅವರು ಮಾಮೂಲಿ ಅಭಿಮಾನಿಗಳು. ನಡುವಿನ ಜೂಜುಕೋರರ ನಗರದ ಪ್ರಸಂಗ ಸುಮ್ನೆ ಎಳೆದಂತಿದೆ, ಗಂಭೀರ ಗಳಿಗೆಯಲ್ಲಿ ಜೋಕು ಬೇಡವಾಗಿತ್ತು, ಸರಣಿಯ ಹಳೆಯ ನಾಯಕ ಲ್ಯೂಕ್ ಹೀಗೆ ಕೈಚೆಲ್ಲಿ ಕೂರುವವನಲ್ಲ, ಇಂಥವು ಈ ಸಿನಿಮಾದ ಮೇಲೆ ಮತ್ತೆ ಮತ್ತೆ ಕೇಳಿಬಂದ ದೂರುಗಳು. ಇವುಗಳಲ್ಲಿ ಕೆಲವು ನನಗೆ ಸರಿ ಅನ್ನಿಸುತ್ತವೆ, ಕೆಲವು ಅನ್ನಿಸುವುದಿಲ್ಲ. ಎಲ್ಲವೂ ಕಥೆಯ ಬಗ್ಗೆಯೇ ಇರುವ ದೂರುಗಳು. ಉತ್ತರವೂ ಕಥೆಯ ಮಾತಿನಲ್ಲೇ ಬರಬೇಕು.