ಗೇಟಿನ ಬೋರ್, ಪಾರ್ಕಿಂಗ್ ಬೋರ್
ಕಾರ್ಬನ್ ಡೈಆಕ್ಸೈಡ್ ಹೂಳಲು ದಖ್ಖನ್ನಿನ ಕಪ್ಪು ಕಲ್ಲಲ್ಲಿ, ಅಂದರೆ ಲಾವಾ ಆರಿ ಆದ ಬಸಾಲ್ಟಿನಲ್ಲಿ, ಎಐ ಬೇಗ ಜಾಗ ಹುಡುಕುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ, ಆದರೆ ಅದಕ್ಕೆ ಉಣಿಸಲು ಮಾಹಿತಿ ಬೇಕಲ್ವಾ? ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಸೊಸೈಟಿಯ ಗೇಟಿನ ಹತ್ತಿರ ಬೋರ್ ಕೊರೆದರೆ ಬರೀ ಬೂದು ಪುಡಿ. ಮೂವತ್ತು ಅಡಿ ಆಚೆ, ಪಾರ್ಕಿಂಗ್ ಹಿಂದೆ, ಮೊದಲು ಕೆಂಪು ಕೆಸರು ಬಂತು, ಆಮೇಲೆ ನೀರು. ಎರಡು ಲಾವಾ ಪದರಗಳ ನಡುವಿನ ಸಂದು ಸಿಕ್ಕಿತ್ತು, ಅಷ್ಟೇ. ಮೂವತ್ತು ಅಡಿಯಲ್ಲೇ ಕಲ್ಲು ಇಷ್ಟು ಬದಲಾದರೆ, ಬೋರಿನ ಮಾಹಿತಿ ಇಲ್ಲದೆ ಎಐ ಏನು ಹೇಳೀತು? ಐಸ್‌ಲ್ಯಾಂಡಿನಲ್ಲಿ ಈ ಅನಿಲವನ್ನು ನೆಲದಡಿ ಕಲ್ಲಾಗಿಸುವ ಕಾರ್ಬ್‌ಫಿಕ್ಸ್ ಯೋಜನೆಯವರು 2012ರಲ್ಲಿ ಬಸಾಲ್ಟಿಗೆ ತುಂಬಿದ ಅನಿಲದಲ್ಲಿ 95%ಕ್ಕಿಂತ ಜಾಸ್ತಿ ಎರಡೇ ವರ್ಷದೊಳಗೆ ಕಲ್ಲಾಯಿತು, ನಿಜ. ಆದರೆ ಅದು ಎಳೆಯ ಕಲ್ಲು. ನಮ್ಮದಕ್ಕೆ ಸುಮಾರು 6.6 ಕೋಟಿ ವರ್ಷ! ಎಷ್ಟೋ ಬಿರುಕು, ರಂಧ್ರಗಳಲ್ಲಿ ಆಗಲೇ ಖನಿಜ ತುಂಬಿಕೊಂಡಿದೆ, ಅನಿಲಕ್ಕೆ ಜಾಗ ಕಡಿಮೆ. 1967ರಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಾದ ಭೂಕಂಪವೂ ಇದೇ ಕಲ್ಲಿನ ನಾಡಿನದು. ಅನಿಲ ತುಂಬಿದರೆ ನೆಲದೊಳಗಿನ ಒತ್ತಡ ಏರಿ ನೆಲ ನಡುಗೀತೇ ಎಂಬ ಲೆಕ್ಕ ಲೇಖನದಲ್ಲಿ ಎಲ್ಲೂ ಕಾಣಲಿಲ್ಲವಲ್ಲ?