ಪ್ಲೇಟು ತುಂಬಿದ ದಿನ ಬರುವ ಡೆಂಗಿ

ಕಲಬುರಗಿಯ ಡೆಂಗಿ ಸೊಳ್ಳೆ ಸರಕಾರಿ ನೌಕರಿಯದು. ಭಾನುವಾರ ಕಚ್ಚುವುದಿಲ್ಲ, ಎರಡನೇ ಶನಿವಾರವೂ ಇಲ್ಲ. ಬಿಸಿಲಿಗೆಂದು ಕಚೇರಿ ವೇಳೆ ಬೆಳಿಗ್ಗೆ 8ರಿಂದ 1.30ಕ್ಕೆ ಬದಲಾದರೆ ಅದೂ ಮಧ್ಯಾಹ್ನ ಮನೆಗೆ ಹೋಗಿ ಮಲಗುತ್ತದೆ. ನಂಬದವರು ಪರಿಶೀಲನಾ ಸಭೆಯ ಪರದೆ ಮೇಲಿನ ಡೆಂಗಿ ಗ್ರಾಫ್ ನೋಡಿ: ನಾಲ್ಕು ದಿನ ಸೊನ್ನೆ, ಐದನೇ ದಿನ ಗೋಳಗುಮ್ಮಟ!

ಗುಮ್ಮಟ ಕಟ್ಟಿದ್ದು ಎಲೈಸಾ ಪ್ಲೇಟು, ಅಂದರೆ ರಕ್ತದಲ್ಲಿ ಡೆಂಗಿ ಪತ್ತೆ ಹಚ್ಚುವ ಪರೀಕ್ಷೆಯ ತಟ್ಟೆ. ಒಂದು ಪ್ಲೇಟಿಗೆ 96 ಗುಳಿ. ನಾಲ್ಕಾರು ರಕ್ತದ ಮಾದರಿಗೆಂದು ಓಡಿಸಿದರೂ ಕಂಟ್ರೋಲಿನ (ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಜೊತೆಗಿಡುವ, ಫಲಿತಾಂಶ ಮೊದಲೇ ಗೊತ್ತಿರುವ ಮಾದರಿಗಳ) ಖರ್ಚು ತಪ್ಪದು. ಹಾಗಾಗಿ ರಕ್ತ ಫ್ರಿಜ್ಜಿನಲ್ಲಿ ಕಾಯುತ್ತದೆ, ಪ್ಲೇಟು ತುಂಬಿದ ದಿನ ಅಷ್ಟೂ ಫಲಿತಾಂಶ ಒಟ್ಟಿಗೆ ಉದುರುತ್ತದೆ. ಆಳಂದದವನಿಗೆ ಸೋಮವಾರ ಜ್ವರ, ಸೇಡಂನವಳಿಗೆ ಬುಧವಾರ. ಕಾಗದದ ಮೇಲೆ ಇಬ್ಬರಿಗೂ ಶುಕ್ರವಾರವೇ. ಅಡ್ಡರೇಖೆಯ ಮೇಲೆ ಫಲಿತಾಂಶದ ದಿನದ ಬದಲು ಜ್ವರ ಶುರುವಾದ ದಿನ ಬರೆದರೆ ಗುಮ್ಮಟ ಕರಗುತ್ತದೆ. ಆಗ ಕೊನೆಯ ಹತ್ತು ದಿನ ಯಾವಾಗಲೂ ಇಳಿದಂತೆಯೇ ಕಾಣುತ್ತದೆ, ಏಕೆಂದರೆ ಆ ಜ್ವರಗಳ ರಕ್ತ ಇನ್ನೂ ಫ್ರಿಜ್ಜಿನಲ್ಲಿದೆ. ಆ ಭಾಗಕ್ಕೆ ಬೂದು ಬಣ್ಣ ಬಳಿದು 'ಅಪೂರ್ಣ' ಎಂದು ಬರೆಯಬೇಕು. ನಮ್ಮಲ್ಲಿ ಅದಕ್ಕೆ ಹಸಿರು ಬಳಿದು 'ನಿಯಂತ್ರಣದಲ್ಲಿದೆ' ಎನ್ನುತ್ತಾರೆ.

ಸಂಖ್ಯೆ ಇಳಿಸಲು ಇನ್ನೂ ಸುಲಭದ ಮದ್ದೆಂದರೆ ಪರೀಕ್ಷೆಯ ಕಿಟ್ ಮುಗಿಯುವುದು. ಹೋದ ತಿಂಗಳು 300 ಪರೀಕ್ಷೆಗೆ 30 ಪಾಸಿಟಿವ್, ಈ ತಿಂಗಳು 60 ಪರೀಕ್ಷೆಗೆ 12 ಎಂದುಕೊಳ್ಳಿ. 'ಡೆಂಗಿ ಶೇ 60 ಇಳಿಕೆ' ಎಂದು ಪ್ರಕಟಣೆ ಹೊರಡುತ್ತದೆ. ಪಾಸಿಟಿವ್ ಪ್ರಮಾಣ ಶೇ 10ರಿಂದ 20ಕ್ಕೆ ಏರಿದ್ದು ಭಾಗಾಕಾರ ಬಲ್ಲವರ ಖಾಸಗಿ ದುಃಖ. (ತೀರಾ ಬೇನೆ ಬಿದ್ದವರನ್ನಷ್ಟೇ ಪರೀಕ್ಷಿಸಿದರೂ ಪ್ರಮಾಣ ಏರುತ್ತದೆ, ನಿಜ. ಅದಕ್ಕೇ ಎರಡೂ ಅಂಕಿ ಪಕ್ಕಪಕ್ಕ ಬೇಕು.)

ಯಾವುದೋ ಹಳ್ಳಿಯಲ್ಲಿ 2 ಇದ್ದದ್ದು 4 ಆದರೆ 'ಶೇ 100 ಏರಿಕೆ', ನೋಟಿಸು. 4ರ ಸುತ್ತ ಶೇ 95ರ ಅಂದಾಜು ಪಟ್ಟಿ (ನಿಜವಾದ ಮಟ್ಟ ಬಹುತೇಕ ಇರಬಹುದಾದ ವ್ಯಾಪ್ತಿ) ಹಾಕಿದರೆ ಸುಮಾರು 1ರಿಂದ 10. ಅದರೊಳಗೆ 2, 4 ಎರಡೂ ಮಲಗುತ್ತವೆ, ನೋಟಿಸೂ ಮಲಗಬಹುದಿತ್ತು.

ಗುಮ್ಮಟ ಎದ್ದ ಮರುದಿನ ಫಾಗಿಂಗ್. ಅದರ ಮರುವಾರ ಸಂಖ್ಯೆ ತಾನಾಗಿ ಇಳಿಯುತ್ತದೆ, ತುದಿಗೇರಿದ್ದು ಮತ್ತೆಲ್ಲಿಗೆ ಹೋದೀತು? ಶಾಲು ಮಾತ್ರ ಹೊಗೆ ಮಷಿನ್‌ಗೆ. ಹೊಗೆ ಸಾಯಿಸುವುದು ಹಾರಾಡುವ ಸೊಳ್ಳೆಯನ್ನು. ನಳ ಯಾವತ್ತು ಬರುತ್ತದೋ ಎಂದು ವಾರಗಟ್ಟಲೆ ತುಂಬಿಟ್ಟ ಡ್ರಮ್ಮಿನಲ್ಲಿ ಮೊಟ್ಟೆ ಏಳೆಂಟು ದಿನಕ್ಕೆ ರೆಕ್ಕೆ ಕಟ್ಟಿಕೊಂಡು ಹಾಜರು.

ಆದರೂ ಸಭೆಯ ಕಿರೀಟ ಎಕ್ಸೆಲ್ ಟ್ರೆಂಡ್‌ಲೈನೇ. 12 ತಿಂಗಳ 12 ಚುಕ್ಕಿಗೆ ಆರನೇ ದರ್ಜೆಯ ಪಾಲಿನಾಮಿಯಲ್, ಅಂದರೆ ಗೆರೆಯನ್ನು ಬೇಕಾದಂತೆ ಬಗ್ಗಿಸಲು ಏಳು ಗುಣಾಂಕ. ಆರ್-ಸ್ಕ್ವೇರ್ (ಗೆರೆ ಚುಕ್ಕಿಗಳಿಗೆ ಎಷ್ಟು ಹೊಂದುತ್ತದೆಂಬ ಅಳತೆ, 1 ಎಂದರೆ ಪೂರ್ತಿ) 0.98 ಎಂದು ಚಪ್ಪಾಳೆ. ಚುಕ್ಕಿ ಮುಗಿದಲ್ಲಿ ಗೆರೆ ಲಂಗುಲಗಾಮಿಲ್ಲದ ಕುದುರೆ. ಎಣಿಕೆಗೆಂದೇ ಇರುವ ನೆಗೆಟಿವ್ ಬೈನಾಮಿಯಲ್ ಮಾದರಿ ಎಣಿಕೆಯ ಲಾಗರಿದಮ್ ಮೇಲೆ ನಡೆಯುವುದರಿಂದ ಎಂದೂ ಸೊನ್ನೆಯ ಕೆಳಗಿಳಿಯದು. ವರ್ಷದ ಋತುಚಕ್ರದ ಏರಿಳಿತಕ್ಕೆ ಒಂದು ಸೈನ್-ಕೊಸೈನ್ ಜೋಡಿ, ಕೆಲವು ವಾರ ಹಿಂದಿನ ಮಳೆ ಸೇರಿಸಿದರೆ ತಕ್ಕಮಟ್ಟಿಗೆ ಮಾತು ಕೇಳುತ್ತದೆ. ಆದರೆ ಅದು ಮೌಸಿನ ಬಲಗುಂಡಿ ಒತ್ತಿದರೆ ಬರುವುದಿಲ್ಲವಲ್ಲ.

ಹಾಗಾಗಿ ಮುಂದಿನ ತಿಂಗಳ ಅಂದಾಜು: ಮೈನಸ್ 14 ರೋಗಿಗಳು. ಸಭೆಯಲ್ಲಿ ಗದ್ದಲವಿಲ್ಲ. ಹಿಂದಿನ ಸಾಲಿನಿಂದ ಒಂದೇ ಅನುಮಾನ:

"ಸಾಹೇಬ್ರ, ಆ ಹದಿನಾಕು ಮಂದೀನ ಬೀದರದಿಂದ ತರಸ್ಬೇಕೇನ್ರೀ?"