ಮೊದಲು ನೀರು ವಿಚಾರಿಸಿ

“ಭಾನುವಾರ ಬೆಳಗ್ಗೆ ಒಂದು ಸುತ್ತು ಹಾಕಿದರೆ ಏರಿಯಾ ಹೇಗಿದೆ ಅಂತ ಗೊತ್ತಾಗುತ್ತದೆ” ಅಂತ ಬಾಡಿಗೆ ಮನೆ ಹುಡುಕುವವರಿಗೆ ಹೇಳುವ ಮಾತು ಬೆಂಗಳೂರಿನ ಹೊರವಲಯಕ್ಕಂತೂ ಹೊಂದುವುದಿಲ್ಲ. ಇಲ್ಲಿ ಮೊದಲು ವಿಚಾರಿಸಬೇಕಾದದ್ದು ನೀರು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಶುರುವಾದದ್ದೇ 2024ರ ಅಕ್ಟೋಬರ್‌ನಲ್ಲಿ. ಬೀದಿಗೆ ಪೈಪು ಬಂದ ಮಾತ್ರಕ್ಕೆ ಮನೆಗೆ ಕನೆಕ್ಷನ್ ಇದೆ ಅಂತಲ್ಲ. ಓನರ್ “ನೀರಿಗೇನೂ ತೊಂದರೆ ಇಲ್ಲ” ಅಂದರೆ ಕಾವೇರಿ ನೀರಿನ ಬಿಲ್ ತೋರಿಸಿ ಅನ್ನಿ. ಬಚ್ಚಲಿನ ನಲ್ಲಿಯ ಬಾಯಿ ನೋಡಿ. ಬಿಳಿ ಪುಡಿ ಗಟ್ಟಿಯಾಗಿ ಕಟ್ಟಿದ್ದರೆ ಅಲ್ಲಿ ಬರುವುದು ಜಾಸ್ತಿ ಬೋರ್‌ವೆಲ್ ನೀರೇ. ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ಸಲ ಬರುತ್ತದೆ ಅಂತ ಮೂಲೆಯ ಇಸ್ತ್ರಿ ಅಂಗಡಿಯವರನ್ನು ಕೇಳಿ. ದಿನವಿಡೀ ಬೀದಿಯಲ್ಲೇ ಇರುವವರು ಅವರು, ಬ್ರೋಕರ್ ಬಾಯಿ ಬಿಡದ್ದನ್ನೂ ಹೇಳುತ್ತಾರೆ. ಇದೆಲ್ಲ ಅಡ್ವಾನ್ಸ್ ಕೊಡುವ ಮೊದಲೇ ಆಗಬೇಕು, ಅಲ್ವಾ?